ಮೊದಲು ಅಳತೆ, ಆಮೇಲೆ ಬಿಸಿ

(ಟ್ರಸ್ಟ್‌ನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ಮೊಬೈಲ್ ರಿಪೇರಿ ತರಬೇತಿ ವಿಭಾಗದ ಪರವಾಗಿ ಮಾಡಿದ ಭಾಷಣ)





ಕಳೆದ ವರ್ಷ ಇದೇ ಸಭೆಯಲ್ಲಿ ನಮ್ಮ ಹಿರಿಯ ದಾನಿಯೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದ್ದರು. "ಎಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ. ಓದುವ ಮಕ್ಕಳಿಗೆ ಕೊಡುತ್ತೀರಿ, ಸಂತೋಷ. ಮೊಬೈಲ್ ರಿಪೇರಿ ಕಲಿಯುವ ಹುಡುಗನಿಗೂ ವಿದ್ಯಾರ್ಥಿವೇತನ ಯಾಕೆ? ಅದು ಯಾವುದಾದರೂ ಅಂಗಡಿಯಲ್ಲಿ ನಿಂತು ಕಲಿಯುವ ಕೆಲಸ ಅಲ್ಲವೇ?" ಆ ದಿನ ಹೊತ್ತಾಗಿತ್ತು, ಉತ್ತರ ಅರ್ಧಕ್ಕೇ ನಿಂತಿತು. ಅವರು ಇವತ್ತೂ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಪೂರ್ತಿ ಉತ್ತರ ಕೊಡುವುದು ನಮ್ಮ ಜವಾಬ್ದಾರಿ. ಆ ಉತ್ತರದಲ್ಲಿ ನಾವು ಮಾಡಿದ ಒಂದು ದೊಡ್ಡ ತಪ್ಪಿನ ಲೆಕ್ಕವೂ ಸೇರಿದೆ. ಹಣದ ಲೆಕ್ಕ ನಿಮ್ಮ ಕೈಯಲ್ಲಿರುವ ವರದಿಯಲ್ಲಿದೆ. ತಪ್ಪಿನ ಲೆಕ್ಕ ನಾವು ಬಾಯಿಂದಲೇ ಹೇಳಬೇಕು.

ಮೊದಲು ಒಂದು ಫೋನಿನ ಕಥೆ. ಗಂಗಾನಗರದ ಕಡೆಯಿಂದ ಒಬ್ಬ ತಾಯಿ ನಮ್ಮ ಟೇಬಲ್ಲಿಗೆ ಬಂದರು. ಮನೆಯಲ್ಲಿ ಇರುವುದು ಒಂದೇ ಫೋನ್, ಅದು ಮೆಟ್ಟಿಲ ಮೇಲಿಂದ ಬಿದ್ದು ಸತ್ತುಹೋಗಿತ್ತು. ಮಗಳು ಪಿಯುಸಿ ಮುಗಿಸಿದ್ದಾಳೆ, ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕು. ಆಧಾರ್‌ಗೆ ಜೋಡಿಸಿದ ನಂಬರಿನ ಸಿಮ್ ಬೇರೆ ಫೋನಿಗೆ ಹಾಕಿದರೆ ಒಟಿಪಿ ಏನೋ ಬರುತ್ತದೆ. ಆದರೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊ ಎಲ್ಲ ಇದ್ದದ್ದು ಸತ್ತ ಫೋನಿನಲ್ಲಿ. ಕೊನೆಯ ದಿನಕ್ಕೆ ಎರಡೇ ದಿನ ಬಾಕಿ. ಎರಡು ಅಂಗಡಿಯಲ್ಲಿ ತೋರಿಸಿದ್ದರು. ಎರಡೂ ಕಡೆ ಸಿಕ್ಕ ಉತ್ತರ ಒಂದೇ: "ಬೋರ್ಡ್ ಹೋಗಿದೆ ಆಪಾ, ಹೊಸದು ತಗೊಳ್ಳಿ."

"ಬೋರ್ಡ್ ಹೋಗಿದೆ" ಎಂಬ ಮಾತು ಇಲ್ಲಿ ಕೂತಿರುವ ಪ್ರತಿಯೊಬ್ಬರೂ ಕೇಳಿರುತ್ತೀರಿ. ಡಾಕ್ಟರ ಹತ್ತಿರ ಹೋದಾಗ ಅವರು "ದೇಹ ಕೆಟ್ಟಿದೆ" ಎಂದು ಹೇಳಿ ಕಳುಹಿಸಿದರೆ ನಾವು ಒಪ್ಪುತ್ತೇವೆಯೇ? ಎಲ್ಲಿ, ಏನು, ಯಾಕೆ ಎಂದು ಕೇಳುತ್ತೇವೆ. ಫೋನಿನ ಬೋರ್ಡಿನ ಮೇಲೆ ನೂರಾರು ಬಿಡಿಭಾಗಗಳಿವೆ. ಕೆಲವು 0.6 ಮಿಲಿಮೀಟರ್ ಉದ್ದ, 0.3 ಮಿಲಿಮೀಟರ್ ಅಗಲ. ರಾಗಿ ಕಾಳಿಗಿಂತ ಚಿಕ್ಕವು. ಹೋಗಿರುವುದು ಅದರಲ್ಲಿ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ವಿದ್ಯೆ. ಬೆಸುಗೆ ಹಾಕುವ ಕೈಚಳಕ ಅದರ ಮುಂದಿನ ಹೆಜ್ಜೆ.

ನಮ್ಮ ಹುಡುಗರು ಏನು ಮಾಡಿದರು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಯಾಕೆಂದರೆ ನಿಮ್ಮ ಹಣ ಕಲಿಸಿದ್ದು ಇದನ್ನೇ.

ಫೋನ್ ಬಿಚ್ಚಿ, ಬ್ಯಾಟರಿ ಬೇರ್ಪಡಿಸಿ, ಅದರ ಜಾಗದಲ್ಲಿ ಡಿಸಿ ಪವರ್ ಸಪ್ಲೈ ಜೋಡಿಸಿದರು. ಇದು ಬೇಕಾದಷ್ಟೇ ವೋಲ್ಟ್ ಕೊಟ್ಟು, ಫೋನ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ತೋರಿಸುವ ಪೆಟ್ಟಿಗೆ. 4 ವೋಲ್ಟ್‌ಗೆ ಇಟ್ಟರು. ಪವರ್ ಬಟನ್ ಒತ್ತುವ ಮೊದಲು ಒಳ್ಳೆಯ ಬೋರ್ಡ್ ಹೆಚ್ಚುಕಡಿಮೆ ಏನನ್ನೂ ಎಳೆಯಬಾರದು. ಬಟನ್ ಮುಟ್ಟದೆಯೇ ಕರೆಂಟ್ ಹರಿಯುತ್ತಿದ್ದರೆ ಬ್ಯಾಟರಿಯ ಮುಖ್ಯ ಲೈನಿನಲ್ಲೇ ಶಾರ್ಟ್ ಅಥವಾ ಸೋರಿಕೆ ಇದೆ ಎಂದರ್ಥ. ಬಟನ್ ಒತ್ತಿದರೂ ಮುಳ್ಳು ಅಲುಗದಿದ್ದರೆ ಬಟನ್, ಅದರ ಫ್ಲೆಕ್ಸ್, ಇಲ್ಲವೇ ಪವರ್ ಐಸಿಯ ಕಡೆ ನೋಡಬೇಕು. ಒತ್ತಿದ ಮೇಲೆ ಕರೆಂಟ್ ಸ್ವಲ್ಪ ಏರಿ ಒಂದೇ ಕಡೆ ನಿಂತರೆ ಅಥವಾ ಮತ್ತೆ ಸೊನ್ನೆಗೆ ಬಿದ್ದರೆ, ದೋಷ ಇನ್ನೂ ಒಳಗಿದೆ: ಪ್ರೊಸೆಸರ್‌ಗೆ ಹೋಗುವ ಲೈನುಗಳು, ಮೆಮೊರಿ, ಕೆಲವೊಮ್ಮೆ ಬರೀ ಸಾಫ್ಟ್‌ವೇರ್. ಒಂದು ಮುಳ್ಳಿನ ಚಲನೆ ನೋಡಿ ಅರ್ಧ ರೋಗ ಹೇಳಬಹುದು. ನಾಡಿ ಹಿಡಿಯುವುದು ಎಂದರೆ ಇದೇ.

ಆ ತಾಯಿಯ ಫೋನು ಬಟನ್ ಒತ್ತುವ ಮೊದಲೇ ಕರೆಂಟ್ ಎಳೆಯುತ್ತಿತ್ತು. ಸಪ್ಲೈ ತೆಗೆದು ಮಲ್ಟಿಮೀಟರ್ ಹಿಡಿದರು. ಡಯೋಡ್ ಮೋಡ್‌ನಲ್ಲಿ ಕೆಂಪು ಕಡ್ಡಿ ಗ್ರೌಂಡಿಗೆ, ಕಪ್ಪು ಕಡ್ಡಿ ಪರೀಕ್ಷಿಸಬೇಕಾದ ಜಾಗಕ್ಕೆ. ಸೊನ್ನೆ ಬಂದರೆ ಆ ಲೈನು ಗ್ರೌಂಡಿಗೆ ಅಂಟಿಕೊಂಡಿದೆ. ಏನೂ ತೋರಿಸದಿದ್ದರೆ ಲೈನು ಎಲ್ಲೋ ಕಡಿದಿದೆ. ಎರಡೂ ಅಲ್ಲದೆ ನಡುವಿನ ಸಂಖ್ಯೆ ಬಂದರೆ ಅದೇ ಮಾಡೆಲ್‌ನ ಒಳ್ಳೆಯ ಬೋರ್ಡಿನ ಜೊತೆ ಹೋಲಿಸಬೇಕು. ಇಲ್ಲಿ ಸೊನ್ನೆ ಬಂತು. ಆದರೆ ಆ ಲೈನಿಗೆ ಹತ್ತಾರು ಕೆಪಾಸಿಟರ್‌ಗಳು ಸಾಲಾಗಿ ಜೋಡಿಸಿಕೊಂಡಿವೆ. ಒಂದು ಕೆಟ್ಟರೂ ಎಲ್ಲದರ ಮೇಲೂ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ. ಒಂದೊಂದಾಗಿ ಕಿತ್ತು ನೋಡಿದರೆ ಬೋರ್ಡ್ ಉಳಿಯುವುದಿಲ್ಲ.

ಅದಕ್ಕೊಂದು ಉಪಾಯವಿದೆ. ಬೋರ್ಡಿನ ಮೇಲೆ ಬೆಸುಗೆಯ ರಾಳದ ಹೊಗೆ ಹಿಡಿದು ಬಿಳಿ ಪುಡಿ ಕೂರುವಂತೆ ಮಾಡಿದರು. ನಂತರ ಆ ಲೈನಿಗೆ 1 ವೋಲ್ಟ್ ಮಾತ್ರ, ಕರೆಂಟಿಗೆ ಮಿತಿ ಹಾಕಿ, ಕೊಟ್ಟರು. ಕರೆಂಟು ಶಾರ್ಟ್ ಆದ ಜಾಗದ ಮೂಲಕವೇ ನುಗ್ಗುತ್ತದೆ, ಆ ಭಾಗ ಬಿಸಿಯಾಗುತ್ತದೆ, ಅದರ ಮೇಲಿನ ರಾಳ ಕರಗುತ್ತದೆ. ಬಿಳಿಯ ನಡುವೆ ಒಂದೇ ಒಂದು ಚುಕ್ಕೆ ಕಪ್ಪಾಗಿ ಕಾಣಿಸಿತು. ಬಿದ್ದ ಪೆಟ್ಟಿಗೆ ಒಳಗೇ ಬಿರುಕು ಬಿಟ್ಟ ಒಂದು ಕೆಪಾಸಿಟರ್. ಅದನ್ನು ತೆಗೆದು, ಅದೇ ಅಳತೆಯದನ್ನು ಹಳೆಯ ಬೋರ್ಡಿನಿಂದ ತಂದು ಕೂರಿಸಿದರು. ಫೋನ್ ಆನ್ ಆಯಿತು. ಹುಡುಗಿ ಅಲ್ಲೇ ಕೂತು ಕಾಗದಪತ್ರಗಳನ್ನು ತನ್ನ ಇಮೇಲ್‌ಗೆ ಕಳುಹಿಸಿಕೊಂಡಳು. ಅಲ್‌ಹಮ್ದುಲಿಲ್ಲಾಹ್.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ಸಿಗಬಹುದು. ಆದರೆ ಎರಡನೆಯ ಫೋನಿನ ಕಥೆ ಹೇಳದಿದ್ದರೆ ನಾವು ನಿಮಗೆ ಮೋಸ ಮಾಡಿದಂತೆ.

ಯಲಹಂಕದ ಒಂದು ಕುಟುಂಬ ತಂದ ಫೋನು. ದೂರು: ನೆಟ್‌ವರ್ಕ್ ಸಿಗುವುದಿಲ್ಲ. ಉಳಿದದ್ದೆಲ್ಲ ಸರಿಯಾಗಿದೆ. ಆ ದಿನ ಟೇಬಲ್ ತುಂಬ ಕೆಲಸ. ನೆಟ್‌ವರ್ಕ್ ಇಲ್ಲವೆಂದರೆ ನೆಟ್‌ವರ್ಕ್ ಐಸಿಯ ಬೆಸುಗೆ ಬಿಟ್ಟಿರಬೇಕು ಎಂದು ನಮ್ಮವರೇ ಊಹಿಸಿದರು. ಅಳೆಯಲಿಲ್ಲ. ನೇರವಾಗಿ ಬಿಸಿಗಾಳಿ ಹಿಡಿದರು. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು, ಮಷೀನನ್ನು 300ಕ್ಕೂ ಮೇಲೆ ಇಡಬೇಕಾಗುತ್ತದೆ. ಆ ಬಿಸಿ ಒಂದೇ ಐಸಿಗೆ ಸೀಮಿತವಾಗಿ ನಿಲ್ಲುವುದಿಲ್ಲ. ಪಕ್ಕದಲ್ಲಿ ಪ್ರೊಸೆಸರ್ ಇತ್ತು, ಅದರ ಮೇಲೆ ರ‍್ಯಾಮ್ ಕೂತಿತ್ತು. ಅವುಗಳ ಅಡಿಯ ಬೆಸುಗೆ ಗುಂಡುಗಳು ಕದಲಿದವು. ನೆಟ್‌ವರ್ಕ್ ಇಲ್ಲದೆ ಬಂದ ಫೋನು ಜೀವವೇ ಇಲ್ಲದೆ ಹೋಯಿತು.

ಆಮೇಲೆ, ತಡವಾಗಿ, ಕ್ರಮವಾಗಿ ನೋಡಿದೆವು. ಫೋನಿನ ಕೆಳಗಿನ ಆಂಟೆನಾದಿಂದ ಮೇಲಿನ ಬೋರ್ಡಿಗೆ ಬರುವ ಒಂದು ತೆಳು ವೈರು ಇರುತ್ತದೆ, ಅದರ ತುದಿ ಒಂದು ಚಿಕ್ಕ ಗುಂಡಿಯಂತೆ ಒತ್ತಿ ಕೂರಿಸುವಂಥದ್ದು. ಹಿಂದೆ ಯಾರೋ ಡಿಸ್‌ಪ್ಲೇ ಬದಲಿಸುವಾಗ ಆ ತುದಿಯನ್ನು ಕೂರಿಸಲು ಮರೆತಿದ್ದರು. ರೋಗ ಅಷ್ಟೇ. ಬೆರಳಿನಿಂದ ಒತ್ತಿದ್ದರೆ ಅರ್ಧ ನಿಮಿಷದ ಕೆಲಸ.

ಆ ಫೋನಿನಲ್ಲಿ ಆ ಮನೆಯ ಯಜಮಾನರ ಕೊನೆಯ ವರ್ಷದ ಫೋಟೊಗಳಿದ್ದವು. ಅವರು ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ. ಎಸ್.ಪಿ. ರೋಡಿನಲ್ಲಿ ವರ್ಷಗಳಿಂದ ಇದೇ ಕೆಲಸ ಮಾಡುವ ಒಬ್ಬ ಉಸ್ತಾದ್ ಹತ್ತಿರ ಒಯ್ದೆವು. ಅವರು ಪ್ರೊಸೆಸರ್ ಎತ್ತಿ, ಹೊಸ ಬೆಸುಗೆ ಗುಂಡು ಹಾಕಿ ಕೂರಿಸಿ ನೋಡಿದರು. ಆಗಲಿಲ್ಲ. ಮೆಮೊರಿ ಚಿಪ್ಪನ್ನು ತೆಗೆದು ಬೇರೆ ಫೋನಿಗೆ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಈಗಿನ ಫೋನುಗಳಲ್ಲಿ ಅದು ಸಾಧ್ಯವಿಲ್ಲ. ಮೆಮೊರಿಯಲ್ಲಿ ಇರುವುದೆಲ್ಲ ಬೀಗ ಹಾಕಿದ ರೂಪದಲ್ಲಿರುತ್ತದೆ, ಆ ಬೀಗದ ಕೀಲಿ ಪ್ರೊಸೆಸರ್ ಒಳಗಿರುತ್ತದೆ. ಎರಡೂ ಒಟ್ಟಿಗೆ ಬದುಕಿದ್ದರೆ ಮಾತ್ರ ಫೋಟೊ ತೆರೆಯುತ್ತದೆ.

ನಾವು ಅವರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆವು. "ಬೋರ್ಡ್ ಮೊದಲೇ ವೀಕ್ ಇತ್ತು" ಎಂದು ಹೇಳಿದ್ದರೆ ಅವರು ನಂಬುತ್ತಿದ್ದರು. ಹಾಗೆ ಹೇಳಲಿಲ್ಲ. ಆ ತಾಯಿ ಕೇಳಿದ್ದು ಒಂದೇ ಮಾತು: "ಒಂದು ಫೋಟೊನೂ ಬರಲ್ವಾ ಬೇಟಾ?" ಬಿಸಿಗಾಳಿ ಹಿಡಿದಿದ್ದ ಹುಡುಗ ಅಲ್ಲೇ ನಿಂತಿದ್ದ. ಅವನೇ ಉತ್ತರಿಸಿದ: "ಇಲ್ಲ ಖಾಲಾ, ತಪ್ಪು ನನ್ನದು." ತಪ್ಪು ಅವನೊಬ್ಬನದಲ್ಲ. ಅವಸರಪಡಿಸಿದವರು ನಾವು. ಹೊಸ ಫೋನಿನ ಹಣವನ್ನು ಸಮಿತಿಯ ಸದಸ್ಯರು ತಮ್ಮ ಜೇಬಿನಿಂದ ಹಾಕಿದೆವು. ಝಕಾತಿನ ಹಣದಿಂದ ನಮ್ಮ ತಪ್ಪಿಗೆ ದಂಡ ಕಟ್ಟುವ ಹಕ್ಕು ನಮಗಿಲ್ಲ. ವರದಿಯ ಖರ್ಚಿನ ಪಟ್ಟಿಯಲ್ಲಿ ಅದು ಕಾಣುವುದಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇವೆ.

ಅವತ್ತಿನಿಂದ ನಮ್ಮ ಟೇಬಲ್ಲಿನ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: ಮೊದಲು ಅಳತೆ, ಆಮೇಲೆ ಬಿಸಿ. ಪ್ರತಿ ಫೋನಿಗೆ ಒಂದು ಕಾರ್ಡು. ಬಂದಾಗ ಏನು ಕೆಲಸ ಮಾಡುತ್ತಿತ್ತು, ಏನು ಮಾಡುತ್ತಿರಲಿಲ್ಲ ಎಂದು ಮಾಲೀಕರ ಎದುರೇ ಬರೆಯಬೇಕು. ಹಿಂದೆ ಬಿಚ್ಚಿದ್ದರೇ, ನೀರಿಗೆ ಬಿದ್ದಿತ್ತೇ ಎಂದು ಕೇಳಬೇಕು. ಮೊದಲು ಕಣ್ಣಿಂದ ನೋಡಬೇಕು: ಕನೆಕ್ಟರ್, ವೈರು, ತುಕ್ಕು. ಆಮೇಲೆ ಮೀಟರ್. ಕಾರ್ಡಿನಲ್ಲಿ ಅಳತೆ ಬರೆಯದೆ ಬಿಸಿಗಾಳಿ ಮುಟ್ಟುವಂತಿಲ್ಲ. ಬೋರ್ಡಿಗೆ ಕೈ ಹಾಕುವ ಮೊದಲು, ಫೋನ್ ಆನ್ ಆಗುತ್ತಿದ್ದರೆ, ಫೋಟೊಗಳ ಪ್ರತಿ ತೆಗೆದುಕೊಳ್ಳಲು ಮಾಲೀಕರಿಗೆ ಹೇಳಲೇಬೇಕು.

ಈಗ ಆ ದಾನಿಯವರ ಪ್ರಶ್ನೆಗೆ ಬರೋಣ. ಅಂಗಡಿಯಲ್ಲಿ ನಿಂತು ಕಲಿಯಬಹುದಲ್ಲ? ಕಲಿಯಬಹುದು. ಒಳ್ಳೆಯ ಉಸ್ತಾದ್ ಸಿಕ್ಕರೆ ಅದಕ್ಕಿಂತ ದೊಡ್ಡ ಶಾಲೆ ಇಲ್ಲ. ಆದರೆ ಬಹಳ ಅಂಗಡಿಗಳಲ್ಲಿ ಹುಡುಗರು ಕಲಿಯುವುದು ಡಿಸ್‌ಪ್ಲೇ ಮತ್ತು ಬ್ಯಾಟರಿ ಬದಲಿಸುವುದು, ಚಾರ್ಜಿಂಗ್ ಪಿನ್ ಹಾಕುವುದು, ಟೆಂಪರ್ಡ್ ಗ್ಲಾಸ್ ಅಂಟಿಸುವುದು. ಸರ್ಕಿಟ್ ನಕ್ಷೆ ಓದಲು ಯಾರೂ ಕಲಿಸುವುದಿಲ್ಲ, ಗಿರಾಕಿ ಕಾಯುತ್ತಿರುತ್ತಾನೆ. ನಕ್ಷೆ ಓದಬೇಕಾದರೆ ಓಮ್‌ನ ನಿಯಮ ಗೊತ್ತಿರಬೇಕು, ಎಂಟು-ಹತ್ತನೇ ತರಗತಿಯ ವಿಜ್ಞಾನ ನೆನಪಿರಬೇಕು, ಸ್ವಲ್ಪ ಇಂಗ್ಲಿಷ್ ಬರಬೇಕು. ಶಾಲೆಯ ಪಾಠ ಮತ್ತು ಕೈಯ ಕೆಲಸ ಸೇರುವ ಜಾಗ ಇದು. ಅದಕ್ಕೇ ನಾವು ಇದನ್ನು ವಿದ್ಯೆ ಎನ್ನುತ್ತೇವೆ.

ನಮ್ಮ ಈ ಕಡೆಗೆ ಈ ವಿದ್ಯೆ ಹೊಸದೇನಲ್ಲ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯಲ್ಲಿದೆ. ಬೆಸುಗೆ ಹಿಡಿದ ಕೈಗಳು ಈ ಬಡಾವಣೆಗಳಲ್ಲಿ ತಲೆಮಾರುಗಳಿಂದ ಸಂಸಾರ ಸಾಕಿವೆ. ಯಶವಂತಪುರದ ತುಮಕೂರು ರಸ್ತೆಯಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಇದೆ, ಹಳಬರು ಅದನ್ನು ಫೋರ್‌ಮೆನ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಎಂದು ಬಲ್ಲರು. ಐಟಿಐಗಳಲ್ಲಿ ಎರಡು ವರ್ಷದ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಕೋರ್ಸು ಎಸ್ಸೆಸ್ಸೆಲ್ಸಿ ಪಾಸಾದವರಿಗೆ ತೆರೆದಿದೆ. ನಮ್ಮ ಟೇಬಲ್ಲಿಗೆ ಬರುವ ಮಕ್ಕಳಿಗೆ ಮೊದಲು ಹೇಳುವುದೇ ಇದು: ಸಾಧ್ಯವಾದರೆ ಆ ಸರ್ಟಿಫಿಕೇಟು ಮಾಡಿಕೊಳ್ಳಿ, ಸಂಜೆ ನಮ್ಮಲ್ಲಿ ಕೈ ಪಳಗಿಸಿ.

ಇನ್ನೊಂದು ಮಾತು ಕಾನೂನಿನದು. ರಿಪೇರಿಯ ಹಕ್ಕು ಬಳಕೆದಾರನದು ಎಂಬ ವಿಚಾರಕ್ಕೆ ನಮ್ಮ ದೇಶದಲ್ಲೂ ಬಲ ಬಂದಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ಇದಕ್ಕಾಗಿಯೇ ಒಂದು ಪೋರ್ಟಲ್ ತೆರೆಯಿತು. ರಿಪೇರಿ ಮಾಡುವವನಿಗೆ ಕಟ್ಟುಪಾಡುಗಳೂ ಇವೆ. ಪ್ರತಿ ಫೋನಿಗೂ ಒಂದು ಐಎಂಇಐ ನಂಬರಿದೆ, *#06# ಒತ್ತಿದರೆ ಕಾಣುತ್ತದೆ. ಅದನ್ನು ತಿದ್ದುವುದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಕಳುವಾದ ಫೋನನ್ನು ತಡೆಹಿಡಿಯುವ ವ್ಯವಸ್ಥೆ 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಪೋರ್ಟಲ್ ಮೂಲಕ ದೇಶಕ್ಕೆಲ್ಲ ಬಂತು. "ಭಾಯ್, ಲಾಕ್ ತೆಗೆದುಕೊಡಿ, ಎರಡು ಸಾವಿರ ಕೊಡ್ತೀನಿ" ಎಂದು ಬಿಲ್ಲಿಲ್ಲದೆ ಬರುವವರು ಎಲ್ಲ ಅಂಗಡಿಗೂ ಬರುತ್ತಾರೆ. ಹದಿನೆಂಟರ ಹುಡುಗನಿಗೆ ಎರಡು ಸಾವಿರ ದೊಡ್ಡ ಹಣ. ಇಲ್ಲ ಎನ್ನುವುದನ್ನೂ ಕಲಿಸಬೇಕು. ನಮ್ಮಲ್ಲಿ ಕಲಿತವನು ಈ ಕೆಲಸ ಮಾಡಿದರೆ ಅವನ ಹೆಸರು ಪಟ್ಟಿಯಿಂದ ಹೋಗುತ್ತದೆ. ಶಿಫಾರಸು ತರಬೇಡಿ.

ಅಂಗಡಿಗೆ ಕೊಟ್ಟ ಫೋನು ಅಮಾನತ್. ಅದರೊಳಗೆ ಮನೆಯ ಹೆಣ್ಣುಮಕ್ಕಳ ಫೋಟೊ, ಬ್ಯಾಂಕಿನ ವಿವರ, ಗಂಡಹೆಂಡಿರ ಮಾತು ಎಲ್ಲ ಇರುತ್ತದೆ. ರಿಪೇರಿಗೆ ಗ್ಯಾಲರಿ ತೆರೆಯಬೇಕಾದ ಅಗತ್ಯವೇ ಇಲ್ಲ. ಅನೇಕ ತಾಯಂದಿರು ಈ ಭಯಕ್ಕೇ ಫೋನನ್ನು ಕೊಡದೆ ಕೆಟ್ಟದ್ದನ್ನೇ ಇಟ್ಟುಕೊಂಡಿರುತ್ತಾರೆ. ಆದ್ದರಿಂದಲೇ ಈ ವರ್ಷ ಹೆಣ್ಣುಮಕ್ಕಳ ಪ್ರತ್ಯೇಕ ತಂಡ ಆರಂಭಿಸಲು ನಿರ್ಧರಿಸಿದ್ದೇವೆ. "ನಮ್ಮ ಹುಡುಗಿ ಅಂಗಡಿಯಲ್ಲಿ ಕೂರುವುದೇ?" ಎಂದು ಒಬ್ಬ ತಂದೆ ಕೇಳಿದರು. ಮೈಕ್ರೋಸ್ಕೋಪಿನ ಕೆಳಗೆ ಕೂದಲಿನಷ್ಟು ತೆಳುವಾದ ವೈರು ಜೋಡಿಸುವ ಕೆಲಸ ಮನೆಯಲ್ಲಿ ಒಂದು ಮೇಜು ಇದ್ದರೂ ಆಗುತ್ತದೆ. ಜರಿ ಕಸೂತಿ ಹಾಕಿ ಪಳಗಿದ ಬೆರಳುಗಳು ನಮ್ಮ ಮನೆಗಳಲ್ಲಿ ಎಷ್ಟಿಲ್ಲ?

ಕುಟುಂಬದವರಿಗೆ ಮನೆಯಲ್ಲೇ ಉಪಯೋಗವಾಗುವ ನಾಲ್ಕು ಮಾತು ಹೇಳಿ ಮುಂದೆ ಹೋಗುತ್ತೇವೆ.

ಒಂದು, ಫೋನ್ ಮಳೆಯಲ್ಲಿ ನೆನೆದರೆ ಅಥವಾ ಬಕೆಟ್ಟಿಗೆ ಬಿದ್ದರೆ ಕೂಡಲೇ ಆಫ್ ಮಾಡಿ. ಚಾರ್ಜಿಗೆ ಹಾಕಬೇಡಿ, ಆನ್ ಆಗುತ್ತದೆಯೇ ಎಂದು ಪದೇಪದೇ ಒತ್ತಬೇಡಿ. ನೀರಿಗಿಂತ, ನೀರಿನ ಜೊತೆ ಹರಿಯುವ ಕರೆಂಟು ಬೋರ್ಡನ್ನು ತಿನ್ನುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಒಳಗಿನ ಉಪ್ಪು, ಕೊಳೆ ಹೋಗುವುದಿಲ್ಲ. ದಿನಗಳು ಮಾತ್ರ ಹೋಗುತ್ತವೆ. ಬೇಗ ಬಿಚ್ಚಿಸಿ, ಸ್ವಚ್ಛ ಮಾಡಿಸಿ.

ಎರಡು, ಚಾರ್ಜ್ ಆಗದಿದ್ದರೆ ಮೊದಲು ಕೇಬಲ್ ಮತ್ತು ಅಡಾಪ್ಟರ್ ಬದಲಿಸಿ ನೋಡಿ. ಆಮೇಲೆ ಚಾರ್ಜಿಂಗ್ ತೂತಿನೊಳಗೆ ಬೆಳಕು ಬಿಟ್ಟು ನೋಡಿ. ಜೇಬಿನ ನೂಲುಧೂಳು ಅಡಿಯಲ್ಲಿ ಒತ್ತಿಕೊಂಡಿರುತ್ತದೆ. ಫೋನ್ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಪಿನ್ನು, ಸೂಜಿ ಹಾಕಬೇಡಿ.

ಮೂರು, ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಕಸದ ಗಾಡಿಗೆ ಹಾಕಬೇಡಿ. ಬೆಂಕಿ ಹತ್ತುತ್ತದೆ. ನಮಗೆ ತಂದು ಕೊಡಿ. ಹಳೆಯ ಬೋರ್ಡು, ಬ್ಯಾಟರಿಗಳನ್ನು ನಾವು ಒಟ್ಟುಮಾಡಿ ಅಧಿಕೃತ ಇ-ತ್ಯಾಜ್ಯ ಸಂಸ್ಕರಣೆಗೇ ಕಳುಹಿಸುತ್ತೇವೆ. ಬೋರ್ಡುಗಳ ವಿಷಯದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳೂ ಅದನ್ನೇ ಹೇಳುತ್ತವೆ. ಗುಜರಿಯಲ್ಲಿ ಬೋರ್ಡು ಸುಡುವ ಹೊಗೆ ನಮ್ಮದೇ ಬಡ ಮಕ್ಕಳ ಎದೆಗೆ ಹೋಗುತ್ತದೆ.

ನಾಲ್ಕು, ಫೋಟೊ, ಅಂಕಪಟ್ಟಿ, ಪ್ರಮಾಣಪತ್ರಗಳ ಇನ್ನೊಂದು ಪ್ರತಿ ಇವತ್ತೇ ಬೇರೆ ಕಡೆ ಇಡಿ. ಯಲಹಂಕದ ಆ ತಾಯಿಯ ಮಾತು ನೆನಪಿರಲಿ.

ಈಗ ಈ ವರ್ಷದ ಅರ್ಜಿದಾರರಿಗೆ. ರಿಪೇರಿ ತರಬೇತಿಯ ವಿದ್ಯಾರ್ಥಿವೇತನಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿರಬೇಕು. ಶಾಲೆ ಬಿಡಿಸಿ ಮಗನನ್ನು ಇಲ್ಲಿಗೆ ಕಳುಹಿಸಲು ಯೋಚಿಸುವ ತಂದೆಯಂದಿರೇ, ದಯವಿಟ್ಟು ಬೇಡ, ನಾವು ಸೇರಿಸಿಕೊಳ್ಳುವುದಿಲ್ಲ. ಫೇಲ್ ಆದವರು ಮೊದಲು ಮತ್ತೆ ಪರೀಕ್ಷೆಗೆ ಕಟ್ಟಲಿ, ಅದರ ಶುಲ್ಕಕ್ಕೆ ನಮ್ಮನ್ನು ಕೇಳಲಿ. ಆಯ್ಕೆಗೆ ಬರೆಯುವ ಪರೀಕ್ಷೆ ಇಲ್ಲ. ಒಂದು ಕೆಟ್ಟ ಫೋನ್ ಮತ್ತು ಒಂದು ಮೀಟರ್ ಕೊಡುತ್ತೇವೆ, ನೋಡಿದ್ದನ್ನು ನೋಡಿದಂತೆ ಬರೆಯಬೇಕು. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ" ಎಂದು ಬರೆದವರಿಗೆ ಅಂಕ ಕಡಿಮೆಯಾಗುವುದಿಲ್ಲ. ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟಗಳಲ್ಲಿದೆ. ಕಲಿತ ಕೂಡಲೇ ಕೈತುಂಬ ಸಂಪಾದನೆ ಎಂಬ ಭರವಸೆ ನಾವು ಕೊಡುವುದಿಲ್ಲ. ಫೋನುಗಳು ಬದಲಾಗುತ್ತವೆ, ಅಂಟು ಹಾಕಿ ಮುಚ್ಚುವುದು ಹೆಚ್ಚಾಗಿದೆ, ಬಿಡಿಭಾಗ ಸಿಗುವುದು ಕಷ್ಟ. ಆದರೆ ಅಳೆದು ಯೋಚಿಸಲು ಕಲಿತವನು ಫೋನಿನಿಂದ ಟಿವಿಗೆ, ಇನ್ವರ್ಟರಿಗೆ, ಎಲೆಕ್ಟ್ರಿಕ್ ಗಾಡಿಯ ಬೋರ್ಡಿಗೆ ದಾಟಬಲ್ಲ.

ದಾನಿಗಳಲ್ಲಿ ನಮ್ಮ ಬೇಡಿಕೆ ಹೀಗಿದೆ. ಝಕಾತಿನ ಹಣ ಹಿಂದಿನಂತೆಯೇ ಅರ್ಹ ಮಕ್ಕಳ ಕೈಗೇ ಹೋಗುತ್ತದೆ. ಹೆಣ್ಣುಮಕ್ಕಳ ತಂಡಕ್ಕೆ ಬೇಕಾದ ಮೈಕ್ರೋಸ್ಕೋಪ್, ಡಿಸಿ ಸಪ್ಲೈ, ಮೀಟರ್, ಹೊಗೆ ಎಳೆಯುವ ಫ್ಯಾನು ಇವೆಲ್ಲ ಟ್ರಸ್ಟಿನ ಆಸ್ತಿಯಾಗುವುದರಿಂದ ಸಾಮಾನ್ಯ ದೇಣಿಗೆಯಿಂದ ಬರಬೇಕು. ಹಣವೇ ಆಗಬೇಕೆಂದಿಲ್ಲ. ಮನೆಯ ಕಪಾಟಿನಲ್ಲಿ ಸತ್ತು ಮಲಗಿರುವ ಹಳೆಯ ಫೋನುಗಳನ್ನು ತಂದು ಕೊಡಿ. ಕಲಿಯುವ ಮಕ್ಕಳು ತಪ್ಪು ಮಾಡಬೇಕಾದರೆ ಅವುಗಳ ಮೇಲೆ ಮಾಡಲಿ, ಯಾರದೋ ತಂದೆಯ ಫೋಟೊ ಇರುವ ಫೋನಿನ ಮೇಲೆ ಬೇಡ.

ಕೊನೆಯದಾಗಿ ಒಂದು ಸುದ್ದಿ. "ತಪ್ಪು ನನ್ನದು" ಎಂದ ಆ ಹುಡುಗ ಮರುದಿನ ಬರಲಿಲ್ಲ. ಅವನ ಅಬ್ಬಾ ಫೋನ್ ಮಾಡಿ "ಇನ್ನು ಕಳುಹಿಸಲ್ಲ, ಅವನಿಗೆ ಈ ಕೆಲಸ ಆಗಲ್ಲ" ಎಂದರು. ನಾವು ಎರಡು ಸಲ ಮನೆಗೆ ಹೋದೆವು. ಮೂರನೆಯ ವಾರ ಅವನೇ ಬಂದ. ಗಂಗಾನಗರದ ತಾಯಿಯ ಫೋನಿನಲ್ಲಿ ರಾಳ ಕರಗಿದ ಆ ಚುಕ್ಕೆಯನ್ನು ಮೊದಲು ಕಂಡವನು ಅವನೇ. ಈಗ ಹೊಸಬರು ಬಿಸಿಗಾಳಿಗೆ ಕೈ ಹಾಕುವ ಮೊದಲು ಕಾರ್ಡು ತೋರಿಸಬೇಕಾದದ್ದು ಅವನಿಗೆ. ಅವನು ಸಹಿ ಹಾಕದೆ ಮಷೀನ್ ಆನ್ ಆಗುವುದಿಲ್ಲ.

ನಿಮ್ಮ ದಾನವನ್ನು ಅಲ್ಲಾಹನು ಸ್ವೀಕರಿಸಲಿ, ಈ ಮಕ್ಕಳ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್. ಊಟದ ನಂತರ ಹಿಂದಿನ ಕೋಣೆಯಲ್ಲಿ ಮಕ್ಕಳು ಮೀಟರ್ ಇಟ್ಟುಕೊಂಡು ಕೂತಿರುತ್ತಾರೆ. ಚಾರ್ಜ್ ಆಗದ ಫೋನು ಯಾರ ಹತ್ತಿರ ಇದ್ದರೂ ತನ್ನಿ, ನೋಡಿ ಹೇಳುತ್ತಾರೆ.